ಫಕ್ಕೀರಪ್ಪನ ಕಾಲಲ್ಲಿ ನಡೆದ ಸಾಹುಕಾರ

ಶೇಂಗಾ ಹಿಂಡುವ ಗಿರಣಿಯ ವಾಸನೆ ನಿಮಗೆ ಗೊತ್ತೇ? ನಾನು ಚಿಕ್ಕವಳಿದ್ದಾಗ ಶಾಲೆಯ ದಾರಿಯಲ್ಲಿ ಅಂಥದೊಂದು ಗಿರಣಿಯಿತ್ತು. ಬಿಸಿ ಹಿಂಡಿಯ ವಾಸನೆ, ಅದರ ಜೊತೆಗೆ ಚೂರು ಸೀದ ಸಿಪ್ಪೆಯ ವಾಸನೆ. ಮೂಗು ತುಂಬಿಕೊಳ್ಳುತ್ತ ನಿಂತರೆ ಪ್ರಾರ್ಥನೆಯ ಗಂಟೆಯೇ ತಪ್ಪಿಹೋಗುತ್ತಿತ್ತು. ಇವತ್ತು ನಾನು ಹೇಳುವ ಶ್ರೀಮಂತ ಅಂಥದೇ ಗಿರಣಿಯ ಸಾಹುಕಾರ. ಊರು ನಿಮ್ಮದೇ ಅಂದುಕೊಳ್ಳಿ.

ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಅವನು ಏಳುವುದು ಸಂಜೆಗೆ. ನೀರು ಕೂತಲ್ಲಿಗೆ, ಊಟ ಕೂತಲ್ಲಿಗೆ, ತಂಬಾಕಿನ ಡಬ್ಬಿ ಕೂತಲ್ಲಿಗೆ. ಪುಣ್ಯವೂ ಕೂತಲ್ಲಿಗೇ ಬರಬೇಕು. ನಗಬೇಡಿ. ಗುಡಿಗೆ ಹರಕೆಯ ಪ್ರದಕ್ಷಿಣೆ ಇದ್ದರೆ ಗಿರಣಿಯ ಆಳು ಫಕ್ಕೀರಪ್ಪ ಸಾಹುಕಾರನ ಹೆಸರು ಹೇಳಿ ಸುತ್ತಿ ಬರುತ್ತಿದ್ದ. ಅಪ್ಪನ ಕಾಲದಿಂದ ಆ ಮನೆಯ ಪದ್ಧತಿ ಅದು.

ವಯಸ್ಸು ಐವತ್ತೈದು ದಾಟಿತು. ನಾಲ್ಕು ಮನೆ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳತೊಡಗಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದರು:

"ಸಾವ್ಕಾರ್ರ, ಕಾಲಿನ ದೊಡ್ಡ ರಕ್ತನಾಳ ಕಟ್ಟೈತಿ. ಹಿಂಗ ಬಿಟ್ರ ಕಾಲು ಉಳಿಯೋದು ಕಷ್ಟ. ತಂಬಾಕು ಇವತ್ತ ಬಿಡ್ರಿ, ಗುಳಿಗಿ ತಪ್ಪಸಬ್ಯಾಡ್ರಿ. ಮತ್ತ ದಿನಾ ನಡೀರಿ. ನೋವು ಬಂದ್ರ ನಿಲ್ರಿ, ಕಡಿಮಿ ಆದ್ರ ಮತ್ತ ನಡೀರಿ."

"ನಡದ್ರ ನೋವು ಅಂತ ಬಂದ್ರ ನಡೀರಿ ಅಂತೀರಲ್ರಿ."

"ದೊಡ್ಡ ದಾರಿ ಕಟ್ಟಿದ್ರ ಬಾಜೂಕ ಸಣ್ಣ ದಾರಿ ಅದಾವ್ರಿ. ಅವು ಅಗಲ ಆಗಬೇಕಂದ್ರ ಅಲ್ಲಿ ರಕ್ತ ಹರೀಬೇಕು."

ನೋಡಿ, ಎಂಥ ಮಾತು. ನಾಳದ ಒಳಗೋಡೆಗೆ ಒಂದೇ ಒಂದು ಪದರ ಜೀವಕೋಶಗಳು, ಹಾಸುಗಲ್ಲಿನ ಹಾಗೆ ಒಂದಕ್ಕೊಂದು ತಾಗಿ ಕೂತಿವೆ. ರಕ್ತ ಹಗಲಿರುಳು ಅವುಗಳ ಮೈ ಸವರಿಕೊಂಡು ಹೋಗುತ್ತದೆ. ಆ ಸವರಿಕೆ ಬಿರುಸಾದರೆ ದಾರಿ ಸಾಲುತ್ತಿಲ್ಲ ಎಂದು ಅವಕ್ಕೆ ಗೊತ್ತಾಗುತ್ತದೆ. ಸುತ್ತಲಿನ ಸ್ನಾಯುವಿಗೆ ಸಡಿಲಾಗೆಂದು ಹೇಳುತ್ತವೆ. ದಿನ ದಿನವೂ ಹಾಗೇ ಆದರೆ ನಾಳವನ್ನೇ ಅಗಲವಾಗಿ ಬೆಳೆಸುತ್ತವೆ. ಉಸಿರಿಗೆ ಕಷ್ಟಪಡುವ ಮಾಂಸಖಂಡ ಕರೆದರೆ ಆ ಜೀವಕೋಶಗಳಲ್ಲೇ ಒಂದು ಮುಂದಾಗಿ ಹೊರಡುತ್ತದೆ, ಉಳಿದವು ಹಿಂದೆ ಹೊಸ ನಾಳವಾಗಿ ಜೋಡಿಸಿಕೊಳ್ಳುತ್ತವೆ. ಹರಿವು ನಿಂತರೆ? ದಾರಿಯನ್ನು ಕಿರಿದು ಮಾಡಿಬಿಡುತ್ತವೆ. ಕಣ್ಣಿಲ್ಲ, ಕಿವಿಯಿಲ್ಲ, ಬರೀ ಸ್ಪರ್ಶದಿಂದ ಇಷ್ಟು ತಿಳಿಯುತ್ತದೆ. ಕಾಲೇಜಿನಲ್ಲಿ ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ನನ್ನ ಅಂಗೈ ನೋಡಿಕೊಂಡಿದ್ದೆ.

ಸಾಹುಕಾರ ಏನು ಮಾಡಿದ? ಫಕ್ಕೀರಪ್ಪನನ್ನು ಕರೆದ.

"ನಾಳಿಂದ ದಿನಾ ಕೆರೀತನಕ ನಡದು ಬಾ. ನನ್ನ ಹೆಸರು ಹೇಳಿ ನಡಿ."

ಎರಡು ತಿಂಗಳು ಫಕ್ಕೀರಪ್ಪ ಹೆಸರು ಹೇಳಿ ನಡೆದ. ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೇಳಿದರು, "ನಡದೀರೇನ್ರಿ?"

"ಒಂದ ದಿನಾನೂ ತಪ್ಪಿಲ್ಲ."

ಬಾಗಿಲಲ್ಲಿದ್ದ ಫಕ್ಕೀರಪ್ಪನಿಗೆ ತಡೆಯಲಾಗಲಿಲ್ಲ. "ನಡದಾಂವ ನಾನ್ರೀ ಅವ್ವಾರ. ನನ್ನ ಕಾಲು ಭಾಳ ಚಲೋ ಆಗ್ಯಾವ್ರಿ."

ಡಾಕ್ಟರಮ್ಮ ನಗಲಿಲ್ಲ. ಸಾಹುಕಾರನ ಪಾದ ಮುಟ್ಟಿದರು. ಮೊದಲಿಗಿಂತ ತಣ್ಣಗಿತ್ತು. "ಇನ್ನ ತಡಾ ಮಾಡಿದ್ರ ನನ್ನ ಕೈಯಾಗ ಇಲ್ರಿ," ಎಂದರು.

ಆ ಒಂದು ಮಾತಿಗೆ ಸಾಹುಕಾರ ಗಾದಿ ಬಿಟ್ಟ. ನಡೆಯುವುದು ಸುಲಭವೇ? ನೋವಿಗಿಂತ ನಾಚಿಕೆ ದೊಡ್ಡದು. ಬಜಾರಿನ ನಡುವೆ ಕಾಲು ಹಿಡಿದು ನಿಂತರೆ ಜನ ಏನಂದಾರು? ಆಗ ಫಕ್ಕೀರಪ್ಪ ಏನು ಮಾಡುತ್ತಿದ್ದ ಗೊತ್ತೇ? ಹಿಂದೆಯೇ ಬರುತ್ತಿದ್ದ. ಸಾಹುಕಾರನ ಹೆಜ್ಜೆ ಎಳೆಯತೊಡಗಿದ ಕೂಡಲೇ ಬಗ್ಗಿ ತನ್ನ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತ, "ಒಂದೀಟು ನಿಂದರ್ರೀ ಧಣ್ಯಾರ, ಹಾಳ ಚಪ್ಲಿ," ಎನ್ನುತ್ತಿದ್ದ. ನೋಡಿದವರಿಗೆ ಧಣಿ ಆಳಿಗಾಗಿ ನಿಂತ ಹಾಗೆ ಕಾಣಬೇಕು. ಚಪ್ಪಲಿ ಹೊಸದು.

ತಿಂಗಳು ಕಳೆಯಿತು, ಮೂರು ಕಳೆಯಿತು. ನಾಲ್ಕು ಮನೆ ನಲವತ್ತಾಯಿತು. ಪಾದಕ್ಕೆ ಬಿಸುಪು ಬಂತು. ಕಾಲು ಉಳಿಯಿತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಪಕ್ಕದ ಮನೆಯಲ್ಲಿ ಕಾಯಿಲೆ ಅಂದರೆ ಮೊಬೈಲಿನಲ್ಲಿ ಕೈಮುಗಿದ ಚಿತ್ರ ಕಳಿಸುವವರು ಯಾರು? ಸಾವಿನ ಮನೆಗೆ ಡ್ರೈವರನ ಕೈಯಲ್ಲಿ ಹಣ್ಣು ಕಳಿಸುವವರು ಯಾರು? ನಾನೂ ಕಳಿಸಿದ್ದೇನೆ. ಕರುಣೆಯ ದಾರಿಯೂ ಹರಿದರೆ ಅಗಲ, ನಿಂತರೆ ಕಿರಿದು. ನಿಮ್ಮ ಹೆಸರು ಹೇಳಿ ಇನ್ನೊಬ್ಬರು ನಡೆದರೆ ಅಗಲವಾಗುವುದು ಅವರ ಎದೆ. ಈ ವಾರ ಒಂದು ಮನೆಗೆ, ಒಂದೇ ಮನೆಗೆ, ನೀವೇ ನಡೆದು ಹೋಗಿ. ಮೊದಲ ದಿನ ಮುಜುಗರವಾಗುತ್ತದೆ. ಸ್ವಲ್ಪ ನಿಲ್ಲಿ, ಮತ್ತೆ ನಡೆಯಿರಿ.

ಸಾಹುಕಾರನದು ಇನ್ನೊಂದು ಮಾತಿದೆ. ಒಂದು ದಿನ ಫಕ್ಕೀರಪ್ಪ ಕೆಲಸಕ್ಕೆ ಬರಲಿಲ್ಲ. ಅಂಗಾಲಿಗೆ ಮೊಳೆ ಚುಚ್ಚಿ ಬಾತುಕೊಂಡಿತ್ತು. ಮಧ್ಯಾಹ್ನ ಬಾಗಿಲ ಬಡಿತ ಕೇಳಿ ಕುಂಟುತ್ತ ಬಂದು ತೆರೆದರೆ, ಹೊರಗೆ ಬೆವೆತ ಮುಖದ ಸಾಹುಕಾರ ಒಬ್ಬನೇ ನಿಂತಿದ್ದ.

"ಧಣ್ಯಾರ, ಇಷ್ಟ ದೂರ ನೀವ್ಯಾಕ ಬಂದ್ರಿ? ಯಾರನ್ನರ ಕಳಿಸಿದ್ರ ಆಗ್ತಿತ್ತಲ್ಲ."

ಸಾಹುಕಾರ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿದ್ದ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದ.