ನಾಲ್ಕು ನಿಮಿಷದ ಹಾಡು

ಮಗಳು ಸವಿತಾಳನ್ನು ಶಿವಬಸವ ನಗರದ ಹಾಸ್ಟೆಲಿಗೆ ಬಿಟ್ಟು ಬಸ್ಸಿನಲ್ಲಿ ಖಾನಾಪುರಕ್ಕೆ ಮರಳುತ್ತಿದ್ದ ಗಂಡ-ಹೆಂಡಿರ ಮಾತು ಮುಂದಿನ ಸೀಟಿನಲ್ಲಿದ್ದ, ಅವರ ಪರಿಚಯವಿಲ್ಲದ ಪ್ರಮಿಳಾಳ ಕಿವಿಗೆ ಬೀಳುತ್ತಲೇ ಇತ್ತು.

“ಆ ಕ್ಯಾಸೆಟ್ ಎಷ್ಟ ತಿರುವಿ ನೋಡ್ತೀರಿ? ಮಕ್ಕಳು ಬೆಳೆಯೂದನ್ನ ನೋಡೂ ಅಪ್ಪ-ಅವ್ವನ ಹಾಡಂತ. ನಮ್ಮ ಸಲುವಾಗಿ ಸವಿತಾ ತುಂಬಿಸ್ಯಾಳ.”

“ಇದು ನಮ್ಮ ಮನೀ ಹಳೇ ಕ್ಯಾಸೆಟ್, ಗಂಗವ್ವ. ಮೂರು ವರ್ಷದಾಕಿದ್ದಾಗ ಆಕಿ ಮಾತಾಡಿದ್ದು ಇದರಾಗ ಇತ್ತು.”

“ಯಾರೂ ಅಳಿಸಬಾರದಂತ ಪ್ಲಾಸ್ಟಿಕ್ ಹಲ್ಲು ಮುರದಿದ್ರಿ ಅಲ್ಲ?”

“ಆ ತೂತಿಗೆ ಅಂಟೂ ಚಿಕಟಪಟ್ಟಿ ಹಚ್ಚಿ ಮ್ಯಾಲ ಹಾಡು ತುಂಬಿಸ್ಯಾಳ, ಶಾಣ್ಯಾಕಿ!”

“ಹಾಡು ನಾಕ ನಿಮಿಷದ್ದು. ಮುಂದ ಆಕಿ ದನಿ ಉಳದೀತು.”

“ಆಕಿ ಮಾತಾಡಿದ್ದs ಎರಡು ನಿಮಿಷ.”

ಬಸ್ಸು ನಿಲ್ಲುವ ಮೊದಲೇ ಇಬ್ಬರೂ ಎದ್ದರು.

“ಹಾಡು ಛಲೋ ಐತಿ ಅಂತ ಈಗs ಫೋನ್ ಮಾಡ್ರಿ.”

“ಇನ್ನಾ ಕೇಳೇ ಇಲ್ಲಲ್ಲ?”

“ಕೇಳಿದ ಮ್ಯಾಲ ನಿಮಗ ಹೇಳಾಕ ಆಗೂದಿಲ್ಲ,” ಎನ್ನುತ್ತ ಗಂಗವ್ವ ಮುಂದಾಗಿ ಇಳಿದಳು.