ದವಡೆಯ ಅಳತೆ

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ತೊಗರ್ಸಿ ಬಸ್ಸಿಗೆ ಕಾಯುತ್ತಿದ್ದ ಮುದುಕ ಪಂಚಾಕ್ಷರಪ್ಪನಿಗೆ ಪಕ್ಕದ ಅತ್ತಿಗೆ ನಾದಿನಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅತ್ತಿಗೆ ನೀಲಾಂಬಿಕೆ ಸೊಟ್ಟದವಡೆಯ ಹದಿನೆಂಟರ ಮಗಳನ್ನು ಆಸ್ಪತ್ರೆಯಲ್ಲಿ ತೋರಿಸಿ, ಹಾಸ್ಟೆಲಿಗೆ ಬಿಟ್ಟು ಬಂದಿದ್ದಳು.

“ನೀನು ಹೊರಗೆ ಕೂತಿದ್ದೆ, ಗಂಗಾ. ಒಳಗೆ ಸ್ಕ್ಯಾನ್ ಮಾಡಿ, ಮಗಳ ತಲೆಬುರುಡೇನೇ ಟೀವಿ ಮ್ಯಾಲೆ ಸುತ್ತ ತಿರುಗಿಸಿ ತೋರಿಸಿದ್ರು. ಆಪರೇಷನ್‌ಗೆ ಮುಂಚೆ ಎಲುಬು ಅಳೀಬೇಕಂತೆ. ಎಡದವಡೆ ಒಂದು ಬೆರಳು ಗಿಡ್ಡ.”

“ಗ್ರಹಣದ ದೋಷ ಅಲ್ವೇನ್ರಿ ಅತ್ತಿಗೆ. ಬಸುರೀಲಿ ನೀವು ಅಂಗಳಕ್ಕೆ ಬಂದಿದ್ರಲ್ಲ.”

ಎಂಬತ್ತನೇ ಇಸವಿಯ ಆ ಗ್ರಹಣ ಪಂಚಾಕ್ಷರಪ್ಪನಿಗೂ ನೆನಪಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು.

“ಡಾಕ್ಟ್ರಿಗೂ ಅದನ್ನೇ ಹೇಳಿದೆ, ನಕ್ಕುಬಿಟ್ರು. ಹುಟ್ತಾ ಬಂದಿದ್ದಲ್ಲಮ್ಮ, ಕೂಸಿದ್ದಾಗ ಬಿದ್ದು ದವಡೆ ಕೀಲು ಮುರಿದೈತೆ, ಅದಕ್ಕೇ ಆ ಕಡೆ ಬೆಳೆದಿಲ್ಲ ಅಂದ್ರು. ನಾನು ನಾಟಿಗೆ ಹೋದಾಗ ಕೂಸು ಯಾರ ಕೈಯಾಗಿತ್ತು?”

ಗಂಗಮ್ಮ ಬಳೆ ತಿರುವುತ್ತ ಹೇಳಿದಳು:

“ಮೆಟ್ಟಿಲ ಮ್ಯಾಲೆ ಕೈ ಜಾರಿತು ರೀ. ನನಗಾಗ ಹದಿನಾಲ್ಕು. ಅವ್ವ ಹೊಡೀತಾಳೆ ಅಂತ…”

“ನಿಮ್ಮವ್ವ ಸಾಯೋ ತನಕ ನನ್ನ ಕೈಯಾಗೆ ನೀರು ಕುಡೀಲಿಲ್ಲ. ನಿಮ್ಮಣ್ಣ ಇವತ್ತಿಗೂ ಮಗಳ ಮುಖ ನೋಡಿ, ಆಮ್ಯಾಲೆ ನನ್ನ ದುರುಗುಟ್ಟಿ ನೋಡ್ತಾರೆ. ನೀನು ಎದುರಿಗೇ ಕೂತು ಉಣ್ತಿದ್ದೆ.”

“ಅಣ್ಣಂಗೆ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ನಾನು ಹೇಳಿದ್ರೆ ನಂಬ್ತಾರೇನು? ನೀನೇ ಹೇಳು.”

ಸೊರಬದ ಬಸ್ಸು ಬಂತು. ಗಂಗಮ್ಮ ಮುನ್ನುಗ್ಗಿ ಹತ್ತಿ, ಪಕ್ಕದ ಸೀಟಿಗೆ ಚೀಲ ಹಾಕಿ, “ಬರ್ರಿ ಅತ್ತಿಗೆ, ಇಲ್ಲಿ” ಎಂದು ಕರೆದಳು.

ನೀಲಾಂಬಿಕೆ ಆ ಸೀಟು ದಾಟಿ ಹಿಂದಕ್ಕೆ ಹೋದಳು. ಕಂಬಿ ಹಿಡಿದು, ನಿಂತೇ ಸೊರಬಕ್ಕೆ ಹೊರಟಳು.