ಹೋಳಿಗೆ ಉಂಡು ಸೋತ ಮ್ಯಾಚು

ನಿಮ್ಮಜ್ಜನ ಚೆಂಡಿನ ಟೀಮು ಮೊದ್ಲೂ ಬರ್ಲಿಲ್ಲ, ಕಡೀಗೂ ಹೋಗ್ಲಿಲ್ಲ, ನಡುವೆ ಸಿಕ್ಕಂಡು ನಾವು ಸತ್ವಿ. ನಗಬ್ಯಾಡ್ರಿ. ನಿಮ್ಮಜ್ಜ ಚಡ್ಡಿ ಹಾಕ್ಕೊಂಡು ಚೆಂಡು ಹಿಡ್ಕೊಂಡು ನಿಂತಿರೋ ಫೋಟೋ ನೋಡಿ ಕಿಸಿಕಿಸಿ ಅಂತೀರಲ್ಲ, ಆ ಚೆಂಡಿನ ಮೇಲೆ ನಮ್ಮನೆ ಒಲಿ ನಿಂತಿತ್ತು. ಉರೀಬೇಕೋ ಬ್ಯಾಡ್ವೋ ಅಂತ ಅದೇ ಹೇಳ್ತಿತ್ತು. ನಾನು ಮದುವಿ ಆಗಿ ಕಡರನಾಯಕನಹಳ್ಳಿಯಿಂದ ದಾವಣಗೆರೆಗೆ ಬಂದ ಹೊಸದು. ನಿಮ್ಮಜ್ಜ ಹತ್ತಿ ಮಿಲ್ಲಿನಾಗೆ ಬದಲಿ. ಬದಲಿ ಅಂದ್ರೆ ಗೊತ್ತೈತಾ ನಿಮಗೆ? ಎಲ್ಲಿಂದ ಗೊತ್ತಿರ್ತದೆ. ಕಾಯಂ ಆಳು ಯಾರಾದ್ರೂ ಬರ್ಲಿಲ್ಲ ಅಂದ್ರೆ ಅವತ್ತು ಅವನ ಜಾಗದಾಗೆ ಮಿಷಿನ್ ಮುಂದೆ ನಿಲ್ಲಾದು. ಮುಂಜಾನೆ ಮಿಲ್ಲು ಕೂಗೋದ್ರೊಳಗೆ ಗೇಟಿಗೆ ಹೋಗಿ, ಸಂತೇಲಿ ದನ ನಿಂತಂಗೆ ಸಾಲು ನಿಲ್ಲಬೇಕು. ಒಳಗಿಂದ ಬಿಲ್ಲೆ ಕೊಟ್ರೆ ಅವತ್ತಿನ ಕೂಲಿ. ಕೊಡ್ಲಿಲ್ಲ ಅಂದ್ರೆ ಟವಲ್ಲು ಝಾಡಿಸಿ ಹೆಗಲಿಗೆ ಹಾಕ್ಕೊಂಡು ಮನಿಗೆ. ಮೊದಮೊದ್ಲು ನಾನು ಬಾಗಿಲಾಗೆ ನಿಂತು ನೋಡ್ತಿದ್ದೆ, ಬಿಸಿಲು ಏರೋದ್ರೊಳಗೆ ಟವಲ್ಲು ವಾಪಸ್ ಬಂತು ಅಂದ್ರೆ ಅವತ್ತು ಮಂಡಕ್ಕಿ, ನೀರು.

ಹಾಂ, ಚೆಂಡಿನ ಮಾತು ಬಿಟ್ಟೆ. ಮಿಲ್ಲಿನ ಮ್ಯಾನೇಜರ್‌ಗೆ ಫುಟ್‌ಬಾಲ್ ಹುಚ್ಚು. ದಾವಣಗೆರೆ ಹರಿಹರದ ಮಿಲ್ಲು, ಕಾರ್ಖಾನೆ ಎಲ್ಲಾ ಸೇರಿ ಟೀಮು ಕಟ್ಟಿದ್ರು, ಐತವಾರ ಐತವಾರ ಮ್ಯಾಚು, ಅದಕ್ಕೆ ಲೀಗು ಅಂತಿದ್ರು. ನಮ್ಮ ಮಿಲ್ಲಿನ ಟೀಮಿನಾಗೆ ಒಬ್ಬನೂ ಕಾಯಂ ಇಲ್ಲ, ಎಲ್ಲಾ ಬದಲಿಗಳೇ. ಯಾಕ ಅಂದ್ರೆ ಕಾಯಂ ಆಳಿಗೆ ಕಾಲು ಮುರಿದ್ರೆ ಮಿಲ್ಲಿನೋರು ನೋಡ್ಕೋಬೇಕು, ಬದಲಿಗೆ ಮುರಿದ್ರೆ ಅವನ ಹೆಂಡ್ತಿ ನೋಡ್ಕಂತಾಳೆ. ಮ್ಯಾನೇಜರ್‌ದು ಒಂದು ಪದ್ಧತಿ ಇತ್ತು ನೋಡ್ರಿ, ಪದ್ಧತಿ ಅಲ್ಲ ಅದು, ಮಳ್ಳತನ, ಅಲ್ಲಲ್ಲ, ಮಳ್ಳ ಅಂದ್ರೆ ಪಾಪ ಮಳ್ಳನಿಗೆ ಅವಮಾನ. ಕೆಟ್ಟತನ ಅದು. ಐತವಾರ ಗೆದ್ರೆ ಆ ವಾರವೆಲ್ಲಾ ಇವ್ರಿಗೇ ಮೊದ್ಲು ಬಿಲ್ಲೆ. ಸೋತ್ರೆ ಆ ವಾರವೆಲ್ಲಾ ಬನೀನು ಚಡ್ಡಿ ಹಾಕ್ಕೊಂಡೇ ಗೇಟಿಗೆ ಬರ್ಬೇಕು, ಸಾಲಿನ ಕಡೀಗೆ ನಿಲ್ಲಬೇಕು. ಒಳಗೆ ಹೋಗೋ ಆಳುಗಳೆಲ್ಲಾ ನೋಡ್ಕಂತ ಹೋಗಾದು. ಅಷ್ಟೊತ್ತಿಗೆ ನಾನೂ ರೀಲಿಂಗ್ ಖಾತೇಲಿ ನೂಲು ಸುತ್ತಾಕೆ ಹೋಗ್ತಿದ್ದೆ, ಆ ಪುಡಿಗಾಸು ಮನಿ ಬಾಡಿಗಿಗೇ ಹೋಗ್ತಿತ್ತು, ಹೆಂಗಸರ ಜೊತೆ ನಾನೂ ಅದೇ ಗೇಟು ದಾಟಬೇಕು. ಮ್ಯಾನೇಜರ್ ಕಟ್ಟೆ ಮೇಲೆ ನಿಂತು ಕೂಗ್ತಿದ್ದ, "ನೋಡ್ರೆಮ್ಮಾ, ನಮ್ಮ ಹುಲಿಗಳು! ನಿನ್ನೆ ಹುಲ್ಲು ಮೇಯ್ದು ಬಂದಾವೆ!" ಹೆಂಗಸರು ಸೆರಗು ಬಾಯಿಗಿಟ್ಟು ನಗಾದು. ನಾನು ತಲಿ ತಗ್ಗಿಸ್ಕಂಡು ಹೋಗಾದು. ಗಂಡನ ಮೊಣಕಾಲು ಮಾತ್ರ ಕಾಣ್ತಿತ್ತು, ಗಾಯ ಆಗಿರ್ತಿತ್ತು, ಮಣ್ಣು ಹಂಗೇ ಇರ್ತಿತ್ತು.

ಆ ವರ್ಷ ಟೀಮು ಹೆಂಗೆ ಆಡಿತು ಅಂದ್ರೆ, ಒಂದು ಗೆಲ್ಲಾದು, ಒಂದು ಸೋಲಾದು. ಒಂದು ವಾರ ರೊಟ್ಟಿ, ಒಂದು ವಾರ ಗಂಜಿ. ಪೂರಾ ಸೋತಿದ್ರೆ ಈ ಟೀಮೇ ಬ್ಯಾಡ ಅಂತ ಮುಚ್ಚಿ ಬಿಡ್ತಿದ್ರು, ನೆಮ್ಮದಿ ಇರ್ತಿತ್ತು. ಪೂರಾ ಗೆದ್ದಿದ್ರೆ ಹೊಟ್ಟಿ ತುಂಬ್ತಿತ್ತು. ಇದು ಎರಡೂ ಅಲ್ಲ. ಕಡೇ ಮ್ಯಾಚು ಉಳೀತು, ಹರಿಹರದಾಗೆ, ಅಲ್ಲಿಯ ಕಾರ್ಖಾನೆ ಟೀಮಿನ ಮೇಲೆ. ಆಗ ಮ್ಯಾನೇಜರ್ ಎಲ್ಲಾರ ಮುಂದೆ ಹೇಳಿದ, ಇದೊಂದು ಗೆದ್ದು ಮೂರನೇ ನಂಬರಿಗೆ ಬರ್ರಿ, ಹನ್ನೊಂದೂ ಜನಾನ ಕಾಯಂ ಮಾಡ್ತೀನಿ ಅಂತ. ಕಾಯಂ! ನಿಮ್ಮಜ್ಜ ಮನಿಗೆ ಬಂದು ಆ ಮಾತು ಹೇಳಿದಾಗ ನನ್ನ ಕೈಯಾಗಿನ ಮೊರ ಹಂಗೇ ನಿಂತ್ಬಿಡ್ತು. ಕಾಯಂ ಆದ್ರೆ ಗೇಟಿನಾಗೆ ನಿಲ್ಲಂಗಿಲ್ಲ, ಅಷ್ಟೇ ನನಗೆ ಹೊಳೆದಿದ್ದು.

ಈಗ ಕೇಳ್ರಿ. ಆ ಹರಿಹರದ ಟೀಮಿನಾಗೆ ಆಡ್ತಿದ್ದೋನು ನನ್ನಣ್ಣ, ಬಸಣ್ಣ. ಕಾರ್ಖಾನೇಲಿ ಕೆಲ್ಸ, ಕಡರನಾಯಕನಹಳ್ಳೀಲಿ ಮನಿ. ನಮ್ಮವ್ವ ಹೇಳಿ ಕಳಿಸಿದ್ಲು, ಅಳಿಯ ಹರಿಹರದ ತನಕ ಬಂದು ಮನಿಗೆ ಬರ್ದೆ ಹೋದ್ರೆ ನಾನು ಊರಾಗೆ ತಲಿ ಎತ್ತಂಗಿಲ್ಲ, ಅವ್ನ ಜೊತೆಗಾರರನ್ನೂ ಕರ್ಕೊಂಡು ಬರ್ಲಿ ಅಂತ. ಮುಂಜಾನೆ ರೈಲಿಗೆ ಹೋದ್ವಿ, ನಾನೂ ಹೋದೆ. ಅವ್ವ ಹಬ್ಬಕ್ಕೆ ಅಂತ ಮುಚ್ಚಿಟ್ಟಿದ್ದ ಗೋಧಿ, ಬೆಲ್ಲ, ಬ್ಯಾಳಿ ಎಲ್ಲಾ ತೆಗ್ದಿದ್ಲು. ಆ ಕಾಲದಾಗೆ ರೇಷನ್ನಿನ ಕೆಂಪು ಜೋಳಕ್ಕೆ ಜನ ಬಡಿದಾಡ್ತಿದ್ರು, ಇವಳು ಹೋಳಿಗೆ ಮಾಡಿದ್ಲು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಹನ್ನೊಂದು ಜನಾನ ಪಡಸಾಲೇಲಿ ಸಾಲಾಗಿ ಕೂರ್ಸಿದ್ಲು. ಅದರ ಹಿಂದಿನ ವಾರ ಸೋತಿದ್ರು, ಅಂದ್ರೆ ಆರು ದಿನದಿಂದ ಒಬ್ಬಂದೂ ಹೊಟ್ಟಿ ತುಂಬಿರ್ಲಿಲ್ಲ. ಕೈ ಅಡ್ಡ ಹಿಡಿದ್ರೆ ಅವ್ವ ಕೈ ಸರಿಸಿ ಹಾಕಾಕಿ. "ಉಣ್ರಿ, ಉಣ್ರಿ, ಗಂಡಸರು ಅಂದ್ಮ್ಯಾಲೆ ಉಣ್ಣಬೇಕು." "ಸಾಕವ್ವಾ, ಮ್ಯಾಚೈತೆ." "ಮ್ಯಾಚಿಗೇ ಉಣ್ಣಪ್ಪಾ, ಬರೇ ಹೊಟ್ಟೀಲಿ ಯಾರಾದ್ರೂ ಓಡ್ತಾರಾ? ನನ್ನಾಣೆ, ಇದೊಂದು." ಕ್ಯಾಪ್ಟನ್ ತಿಪ್ಪಣ್ಣ ಅಂತ ಒಬ್ಬ ಇದ್ದ, ಅವ್ನು ಕಣ್ಣಾಗೆ ನೀರು ತಗೊಂಡು ಉಂಡ. "ಅವ್ವಾ, ನಮ್ಮ ತಾಯಿ ಹೋದ್ಮ್ಯಾಲೆ ಹಿಂಗೆ ಯಾರೂ ಹಾಕಿರ್ಲಿಲ್ಲ" ಅಂದ. ಈ ಕಿವೀಲಿ ಕೇಳೀನಿ ನಾನು. ನಮ್ಮಣ್ಣ ಬಾಗಿಲಾಗೆ ನಿಂತು ನೀರು ಕೊಡ್ತಿದ್ದ. ಮನಿ ಗಂಡಸರು ಬೀಗರು ಎದ್ದ ಮ್ಯಾಲೆ ಕೂರಾದು ನಮ್ಮಲ್ಲಿ. ಅವ್ನು ಕೂರೋ ಹೊತ್ತಿಗೆ ಹೋಳಿಗೆ ಬುಟ್ಟಿ ಖಾಲಿ. ಒಂದು ತಂಗಳು ರೊಟ್ಟಿ ಮುರ್ಕೊಂಡು ನೀರು ಕುಡಿದು, "ಬರ್ರಿ ಬೀಗ್ರೆ, ಹೊತ್ತಾಯ್ತು" ಅಂತ ಗಾಡಿ ಹೂಡಿದ.

ಮ್ಯಾಚು ನಾನು ನೋಡ್ಲಿಲ್ಲ, ಹೆಂಗಸರು ಯಾರು ಹೋಗ್ತಿದ್ರು ಆಗ. ನೋಡಿದೋರು ಹೇಳಿದ್ದು. ಹೋಳಿಗೆ ಉಂಡು ಎರಡು ತಾಸು ಆಗಿರ್ಲಿಲ್ಲ. ಹಸಿದ ಹೊಟ್ಟಿಗೆ ಒಮ್ಮೆಲೇ ತುಪ್ಪ ಬಿದ್ರೆ ಏನಾಗ್ತದೆ? ಒಬ್ಬ ಗೋಲಿನ ಕಂಬ ಹಿಡ್ಕೊಂಡು ಕಾರ್ಕೊಂಡ. ಒಬ್ಬ ಪಕ್ಕಿ ಹಿಡ್ಕೊಂಡು ಕುಂತ. ನಿಮ್ಮಜ್ಜ ಹಿಂದೆ ನಿಂತು ಚೆಂಡು ತಡಿಯಾರು, ತಿರುಗಾಕೇ ಆಗ್ಲಿಲ್ಲಂತೆ, ತೇಗು ಬರ್ತಿತ್ತಂತೆ. ಎರಡು ಗೋಲು ಆತು. ಎರಡೂ ಹೊಡೆದೋನು ಯಾರು? ತಂಗಳು ರೊಟ್ಟಿ ತಿಂದ ನಮ್ಮಣ್ಣ. ಅಲ್ಲಿಗೆ ಮುಗೀತು. ಟೀಮು ಐದನೇದೋ, ಅಲ್ಲ, ನಾಕನೇದೋ, ಯಾವ್ದೋ ಒಂದು ನಡುವಿನ ನಂಬರಿಗೆ ನಿಂತ್ಕೊಂಡ್ತು.

ವಾಪಸ್ ರೈಲಿನಾಗೇ ಶುರು ಆತು. ಯಾರೋ ಒಬ್ಬ ಅಂದನಂತೆ, "ಬಸಣ್ಣ ಯಾಕ ನಮ್ಮ ಜೊತೆ ಉಣ್ಣಾಕೆ ಕೂರ್ಲಿಲ್ಲ?" ಇನ್ನೊಬ್ಬ, "ಹೌದಲ್ಲ, ಹೋಳಿಗೆ ಮುಟ್ಲೇ ಇಲ್ಲ ಅವ್ನು." ಅಷ್ಟು ಸಾಕಾತು. ನಾನು ಹೆಂಗಸರ ಡಬ್ಬಿಯಿಂದ ಇಳಿದು ಬರೋ ಹೊತ್ತಿಗೆ ಒಬ್ಬನೂ ನನ್ನ ಮುಖ ನೋಡ್ಲಿಲ್ಲ, ಉಂಡ ಅವರ ಕೈಯಾಗೆ ಇನ್ನೂ ನಮ್ಮವ್ವನ ತುಪ್ಪದ ವಾಸನಿ ಇತ್ತು. ಮಾರನೇ ದಿನ ಗೇಟಿನಾಗೆ ಮ್ಯಾನೇಜರ್ ನಗಲೂ ಇಲ್ಲ, ಬೈಲೂ ಇಲ್ಲ. ಹನ್ನೊಂದೂ ಜನಕ್ಕೆ ಇನ್ನು ಬಿಲ್ಲೆ ಇಲ್ಲ ಅಂದ. ಈ ವಾರ ಅಲ್ಲ, ಇನ್ನು ಮ್ಯಾಲೆ ಇಲ್ಲವೇ ಇಲ್ಲ. ಆಗ ತಿಪ್ಪಣ್ಣ ಮುಂದೆ ಬಂದು ಕೈ ಮುಗಿದು, ಹೌದ್ರಪಾ, ಅದೇ ತಿಪ್ಪಣ್ಣ, "ಸ್ವಾಮಿ, ನಾವು ಸೋಲ್ಲಿಲ್ಲ, ನಮ್ಮನ್ನ ಸೋಲಿಸಿದ್ರು. ಇವ್ರ ಅತ್ತಿ, ತನ್ನ ಮಗನ ಟೀಮು ಗೆಲ್ಲಲಿ ಅಂತ, ಬೇಕಂತ್ಲೇ ಹೊಟ್ಟಿ ಬಿರಿಯಂಗೆ ಉಣ್ಣಿಸಿದ್ಲು" ಅಂದ. ಮ್ಯಾನೇಜರ್‌ಗೆ ರುಚಿ ಹತ್ತಿತು. ನಿಮ್ಮಜ್ಜನ್ನ ಕಟ್ಟಿ ಹತ್ರ ಕರೆದ. "ಹೌದೇನಲೇ? ನಿನ್ನ ಬಾಯಿಂದ ಹೇಳು. ಹೌದು ಅಂದ್ರೆ ಇವ್ರಿಗೆಲ್ಲಾ ಬಿಲ್ಲೆ, ನಿನಗೂ ಸೈತ. ಅಲ್ಲ ಅಂದ್ರೆ ಎಲ್ರೂ ಮನಿಗೆ ನಡೀರಿ."

ನಾನು ಅಲ್ಲೇ ಇದ್ದೆ ಕಣ್ರೋ. ನೂಲಿನ ಖಾತೆ ಹೆಂಗಸರೆಲ್ಲಾ ನಿಂತಿದ್ರು. ಹತ್ತು ಜನ ನಿಮ್ಮಜ್ಜನ ಮುಖ ನೋಡ್ತಾವ್ರೆ, ಅವರ ಮಕ್ಕಳು ಮನೀಲಿ ಕುಂತಾವೆ. ನಾನೂ ನೋಡ್ತಿದ್ದೆ. ಮನಸ್ನಾಗೆ ಬ್ಯಾಡ, ಬ್ಯಾಡ ಅಂತಿದ್ದೆ. ನಿಮ್ಮಜ್ಜ ನೆಲ ನೋಡ್ಕೊಂಡು, "ಹೌದ್ರಿ. ನಮ್ಮತ್ತಿ ಬೇಕಂತ್ಲೇ ಮಾಡಿದ್ಲು" ಅಂದ್ರು. ಬಿಲ್ಲೆ ಕೊಟ್ರು. ಸಂಜೀಗೆ ಆ ಕೂಲೀಲಿ ಜೋಳ ಬಂತು, ರೊಟ್ಟಿ ತಟ್ಟಿದೆ, ನಾನೂ ತಿಂದೆ. ತಿನ್ನದೆ ಏನ್ಮಾಡ್ಲಿ?

ಮಾತು ದಾವಣಗೆರೇಲಿ ನಿಲ್ತದಾ? ಹರಿಹರಕ್ಕೆ ಹೋತು. ಅಲ್ಲಿ ಅದು ಬೈಗುಳ ಆಗ್ಲಿಲ್ಲ, ತಮಾಷಿ ಆತು. ಕಾರ್ಖಾನೆ ಹುಡುಗ್ರು ಒಂದು ದಿನ ಹಾರ, ತೆಂಗಿನಕಾಯಿ ಹಿಡ್ಕೊಂಡು ನಮ್ಮವ್ವನ ಮನಿಗೆ ಬಂದ್ರು. ಅವ್ವ ಪಾಪ, ಮಗನ ಗೆಳೆಯರು ಬಂದಾರೆ ಅಂತ ಚಾಪಿ ಹಾಸಿದ್ಲು. ಕೊರಳಿಗೆ ಹಾರ ಹಾಕಿದ್ರು. "ಅಜ್ಜೀ, ನಮ್ಮ ಕಡಿಂದ ಮ್ಯಾಚು ಗೆದ್ದೋಳು ನೀನೇ! ಅಳಿಯನ ಟೀಮಿಗೆ ಹೆಂಗೆ ಗುನ್ನ ಇಟ್ಟಿ!" ಅವ್ವ ಮೊದ್ಲು ನಕ್ಕಳಂತೆ, ತಿಳೀಲಿಲ್ಲ ಅವಳಿಗೆ. ಬಸಣ್ಣ ಸುಮ್ಮನಿರ್ರಲೇ ಅಂತ ಹೊಡಿಯಾಕೆ ಹೋದಾಗ ತಿಳೀತು. "ಯಾರು ಹಂಗಂದೋರು?" ಅಂತ ಕೇಳಿದ್ಲಂತೆ. "ನಿನ್ನಳಿಯನೇ ಗೇಟಿನಾಗೆ ಒಪ್ಕೊಂಡಾನಂತೆ" ಅಂದ್ರಂತೆ. ಹಾರ ತೆಗೀಲಿಲ್ಲಂತೆ ಸಂಜೀ ತನಕ, ಹಂಗೇ ಹಾಕ್ಕೊಂಡು ಕಟ್ಟಿ ಮೇಲೆ ಕುಂತಿದ್ಲಂತೆ.

ಆಮ್ಯಾಲೆ ಬಸಣ್ಣನ ಮಗೀಗೆ ಹೆಸರಿಡಾಕೆ ಹೋದ್ವಿ. ನಿಮ್ಮಜ್ಜ ಬರಂಗಿಲ್ಲ ಅಂದ್ರು, ನಾನೇ ಎಳ್ಕೊಂಡು ಹೋದೆ, ಕಾಲಿಗೆ ಬಿದ್ದು ತಪ್ಪಾತು ಅನ್ಲಿ ಅಂತ. ಬಿದ್ರು. ಅವ್ವ "ಏಳಪ್ಪಾ, ಕೈಕಾಲು ತೊಳಕೋ" ಅಂದ್ಲು ಅಷ್ಟೇ, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ. ಎಲಿ ಹಾಕಿದ್ಲು. ಅನ್ನ ತಂದ್ಲು. ಜನ್ಮದಾಗೆ ಯಾರಿಗೂ ಸಾಕಾ ಅಂತ ಕೇಳಿದಾಕಿ ಅಲ್ಲ ನಮ್ಮವ್ವ, ಒಂದು ಹಿಡಿ ಅನ್ನ ಹಾಕಿ ಬುಟ್ಟಿ ಹಿಡ್ಕೊಂಡು ನಿಂತ್ಲು. "ಇನ್ನೊಂದು ಹಿಡಿ ಹಾಕ್ಲೇನ್ರಿ ಅಳಿಯಂದ್ರೆ, ಬ್ಯಾಡ್ವಾ? ನೀವೇ ಹೇಳ್ರಿ. ಹೆಚ್ಚಾದ್ರೆ ಮತ್ತೆ ನಾನೇ ಮಾಡ್ದೆ ಅಂತ ಆಗ್ತದೆ." ನಿಮ್ಮಜ್ಜ ಕಲಸಿದ ತುತ್ತು ಎತ್ಲಿಲ್ಲ. ಸಾಯೋ ತನಕ ನಮ್ಮವ್ವ ಹಂಗೇ ಕೇಳಿ ಕೇಳಿ ಬಡಿಸಿದ್ಲು, ನನಗೂ ಸೈತ, ಹೊಟ್ಟೀಲಿ ಹುಟ್ಟಿದ ಮಗಳಿಗೂ.

ಅದಕ್ಕೇ ಹೇಳಾದು, ಸೋತ್ರೆ ಸೋತ್ವಿ ಅನ್ರಿ. ಉಣ್ಣಾಕೆ ಇಟ್ಟೋರ ಮೇಲೆ ಹಾಕಬ್ಯಾಡ್ರಿ. ಏಳ್ರಿ ಇನ್ನ, ದಾರಿ ಬಿಡ್ರಿ, ಕಾಲು ಜೋಮು ಹಿಡೀತು.